ಮುಂದಿನ ತಿಂಗಳಿಂದ ದಾಖಲೆ ನೋಡುವುದಕ್ಕೆ ಶುಲ್ಕ: ನಮ್ಮ ಗ್ರಾಹಕರಿಗೊಂದು ಪತ್ರ

ಆತ್ಮೀಯರೇ,

ಮುಂದಿನ ತಿಂಗಳ 1ನೇ ತಾರೀಖಿನಿಂದ ಕುಶಾಲನಗರದ ಸುತ್ತಮುತ್ತ ಸೈಟು, ಮನೆ ಕೊಳ್ಳುವವರಿಂದ ದಾಖಲೆ ಮತ್ತು ಜಾಗ ನೋಡಿ ಹೇಳುವುದಕ್ಕೆ 2,500 ರೂಪಾಯಿ ಮೊದಲೇ ತೆಗೆದುಕೊಳ್ಳುತ್ತೇವೆ. ವ್ಯಾಪಾರ ಕುದುರಿದರೆ ಅದು ಕಮಿಷನ್ನಿನಲ್ಲಿ ವಜಾ ಆಗುತ್ತದೆ. ಕುದುರದಿದ್ದರೆ ವಾಪಸ್ ಕೊಡಲು ಆಗುವುದಿಲ್ಲ. ಬಾಡಿಗೆ ಮನೆಗೆ ಈ ಶುಲ್ಕ ಇಲ್ಲ. ಇಷ್ಟು ವರ್ಷ ಕೇಳದ ದುಡ್ಡು ಈಗ ಕೇಳುತ್ತಿದ್ದೇವೆ, ದಯವಿಟ್ಟು ಬೇಜಾರು ಮಾಡಿಕೊಳ್ಳಬೇಡಿ.

ಪಹಣಿ, ಕನ್ವರ್ಷನ್ ಆದೇಶ (ಕೃಷಿ ಜಮೀನನ್ನು ಬೇರೆ ಬಳಕೆಗೆ ಬದಲಿಸಿದ ಆದೇಶ), ಇಸಿ (ಆಸ್ತಿಯ ಹಿಂದಿನ ನೋಂದಣಿ, ಸಾಲ ತೋರಿಸುವ ಋಣಭಾರ ಪತ್ರ), ಇ-ಖಾತಾ (ಸ್ಥಳೀಯ ಸಂಸ್ಥೆಯ ಕಂಪ್ಯೂಟರ್ ಆಸ್ತಿ ದಾಖಲೆ) ಎಲ್ಲದರಲ್ಲೂ ಹೆಸರು, ಅಳತೆ ತಾಳೆಯಾಗಬೇಕು. ಕುಟುಂಬದ ಜಾಗವಾದರೆ ಪಾಲುದಾರರಲ್ಲಿ ಒಬ್ಬರು ಬೆಂಗಳೂರಲ್ಲಿ, ಇನ್ನೊಬ್ಬರು ದುಬೈಯಲ್ಲಿ. ಎಲ್ಲರ ಒಪ್ಪಿಗೆ ಸಿಗುವಷ್ಟರಲ್ಲಿ ಕೊಳ್ಳುವವರ ಮನಸ್ಸು ಬದಲಾಗಿರುತ್ತದೆ. ಓಡಾಟದ ಖರ್ಚು ನಮ್ಮ ತಲೆ ಮೇಲೆ.

ಹೊಳೆ ಬದಿಯ ಬಡಾವಣೆಗಳಲ್ಲಿ ಕೆಲಸ ಇನ್ನೂ ಜಾಸ್ತಿ. 2018, 2019ರ ಮಳೆಗೆ ಕಾವೇರಿ ಮನೆಯೊಳಗೇ ಬಂದಿದ್ದನ್ನು ನೀವೂ ನೋಡಿದ್ದೀರಿ. ಮಾರುವವರು ಗೋಡೆಗೆ ಹೊಸ ಬಣ್ಣ ಹೊಡೆಸಿರುತ್ತಾರೆ. ಹಾಗಾಗಿ ನಾವು ಬಾಗಿಲ ಕೆಳಗಿನ ಕೀಲಿನ ತುಕ್ಕು ನೋಡುತ್ತೇವೆ, ಕರೆಂಟ್ ಮೀಟರನ್ನು ಎತ್ತರಿಸಿ ಕೂರಿಸಿದ್ದಾರಾ ನೋಡುತ್ತೇವೆ, ಪಕ್ಕದ ಮನೆಯವರನ್ನೂ ಕೇಳುತ್ತೇವೆ. ನೀರು ಬಂದಿದ್ದರೆ ಎಷ್ಟು ಎತ್ತರಕ್ಕೆ ಅಂತ ಫೈಲಿನಲ್ಲಿ ಬರೆಯುತ್ತೇವೆ. ಹಾಗೆ ಬರೆದು ವ್ಯಾಪಾರ ಕಳೆದುಕೊಂಡಿದ್ದೂ ಇದೆ. ಆದರೂ ಬರೆಯುವುದನ್ನು ಬಿಟ್ಟಿಲ್ಲ.

ಇನ್ನು ಎಲ್ಲಿ ಹೋದರೂ ಕೇಳುವ ಮಾತು: "ನೀವು ಬ್ರೋಕರ್‌ಗಳೇ ಅಲ್ವಾ ಇಲ್ಲಿ ರೇಟು ಏರಿಸಿದ್ದು?"

ಅಲ್ಲ. ಜನಗಣತಿ ನೋಡಿ. 2001ರಲ್ಲಿ ಕೊಡಗಿನ ಜನ 5,48,561. 2011ರಲ್ಲಿ 5,54,519. ಹತ್ತು ವರ್ಷಕ್ಕೆ ಹೆಚ್ಚಿದ್ದು ಆರು ಸಾವಿರವೂ ಇಲ್ಲ. ಹಾಗಾದರೆ ಕುಶಾಲನಗರದಲ್ಲಿ ಮಾತ್ರ ಯಾಕೆ ಇಷ್ಟು ಬೇಡಿಕೆ? ಜಿಲ್ಲೆಯೊಳಗಿನ ಜನರೇ ಇಲ್ಲಿಗೆ ಇಳಿದು ಬರುತ್ತಿದ್ದಾರೆ. ಮಕ್ಕಳು ಊರು ಬಿಟ್ಟ ಮೇಲೆ ತೋಟದ ಮನೆಯಲ್ಲಿ ಇಬ್ಬರೇ ಉಳಿದ ಅಪ್ಪ ಅಮ್ಮನಿಗೆ ಆಸ್ಪತ್ರೆ ಹತ್ತಿರ ಬೇಕು. 2018ರಲ್ಲಿ ಗುಡ್ಡ ಕುಸಿದ ಮೇಲೆ ಮಡಿಕೇರಿ ಕಡೆಯವರು ಸಮತಟ್ಟಾದ ಜಾಗ ಕೇಳಿಕೊಂಡು ಬಂದರು. ಮೈಸೂರು ರಸ್ತೆ ಇಲ್ಲೇ ಇದೆ. ಈಗ ತಾಲ್ಲೂಕು ಕೇಂದ್ರವೂ ಆಗಿದೆ. ಜಾಗ ಮಾತ್ರ ಇದ್ದಷ್ಟೇ. ಒಂದು ಕಡೆ ಹೊಳೆ, ಇನ್ನೊಂದು ಕಡೆ ಕಾಡು.

ಸರ್ಕಾರದ ಶುಲ್ಕವನ್ನೂ ನಮ್ಮ ಲೆಕ್ಕಕ್ಕೇ ಬರೆಯುತ್ತಾರೆ. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇಕಡಾ 1ರಿಂದ 2ಕ್ಕೆ ಏರಿತು. 30 ಲಕ್ಷದ ಸೈಟಿಗೆ 30 ಸಾವಿರ ಇದ್ದದ್ದು 60 ಸಾವಿರ ಆಯಿತು. ಸ್ಟಾಂಪ್ ಡ್ಯೂಟಿ ಬೇರೆ. ಇದರಲ್ಲಿ ಒಂದು ರೂಪಾಯಿಯೂ ನಮಗೆ ಬರುವುದಿಲ್ಲ. ನಮ್ಮ ಕಮಿಷನ್ ಹಿಂದೆ ಎಷ್ಟಿತ್ತೋ ಈಗಲೂ ಅಷ್ಟೇ. ಬೇಕಾದರೆ ಹಳೇ ರಸೀದಿ ತೆಗೆದು ನೋಡಿ.

ಈಗಾಗಲೇ ನಮ್ಮಲ್ಲಿ ಫೈಲು ಕೊಟ್ಟವರಿಗೆ ಹೊಸ ಶುಲ್ಕ ಇಲ್ಲ. ನಮ್ಮ ಮೂಲಕ ಕೊಂಡವರು ಮಾರುವಾಗಲೂ ದಾಖಲೆ ಹಾಗೇ ನೋಡಿಕೊಡುತ್ತೇವೆ. ವಯಸ್ಸಾದವರು ಆಫೀಸಿನ ಮೆಟ್ಟಿಲು ಹತ್ತುವುದು ಬೇಡ, ಒಂದು ಫೋನ್ ಮಾಡಿ, ಮನೆಗೇ ಬರುತ್ತೇವೆ. ಅಡ್ವಾನ್ಸ್ ಕೊಡುವ ಮೊದಲು ಮಾತ್ರ ಕಾಗದ ಒಮ್ಮೆ ತೋರಿಸಿ.

ಇಂತಿ,
ನಿಮ್ಮ ಕುಶಾಲನಗರದ ಆಫೀಸಿನವರು