ಕಿಡ್ನಿ ಪೆಟ್ಟಿಗೆ ಪ್ಯಾಕ್ ಮಾಡುವವರ ಗಮನಕ್ಕೆ

ಕಸಿಗಾಗಿ ದಾನಿಯಿಂದ ತೆಗೆದ ಕಿಡ್ನಿಯನ್ನು ಐಸ್ ಪೆಟ್ಟಿಗೆಯಲ್ಲಿಟ್ಟು ಕಳಿಸುವ ಬಗ್ಗೆ ಇದು. ಓಟಿ (ಆಪರೇಷನ್ ಥಿಯೇಟರ್) ಸಿಬ್ಬಂದಿ, ಆಂಬ್ಯುಲೆನ್ಸ್ ಚಾಲಕರು ಎಲ್ಲರೂ ಓದಿ.

ಶಿವಮೊಗ್ಗದಿಂದ ಬೆಂಗಳೂರಿಗೆ ಸುಮಾರು 300 ಕಿ.ಮೀ. ಐಸ್ ಪೆಟ್ಟಿಗೆಯಲ್ಲಿ ಹೃದಯಕ್ಕೆ ಇರುವ ಅವಧಿಯೇ 4ರಿಂದ 6 ಗಂಟೆ, ಹಾಗಾಗಿ ಅದು ರಸ್ತೆಯ ಮಾತಲ್ಲ. ಲಿವರ್‌ಗೆ ಸುಮಾರು 12, ಕಿಡ್ನಿಗೆ 24 ಗಂಟೆ. ಲೆಕ್ಕ ಶುರುವಾಗುವುದು ಗಾಡಿ ಹೊರಟಾಗ ಅಲ್ಲ, ದಾನಿಯ ಮಹಾಪಧಮನಿಗೆ (ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ) ಕ್ಲ್ಯಾಂಪ್, ಅಂದರೆ ಇಕ್ಕಳ, ಬಿದ್ದು ತಣ್ಣನೆ ದ್ರಾವಣ ಹರಿದಾಗ.

ಚೀಲ ಮೂರು, ಒಂದರೊಳಗೆ ಒಂದು. ಒಳಗಿನದರಲ್ಲಿ ಕಿಡ್ನಿ, ಅದು ಪೂರ್ತಿ ಮುಳುಗುವಷ್ಟು ಸಂರಕ್ಷಣಾ ದ್ರಾವಣ. ಗಾಳಿ ಹೊರಗೆ ಒತ್ತಿ ಕಟ್ಟಿ. ಗುಳ್ಳೆ ಉಳಿದ ಕಡೆ ತಂಪು ತಾಗುವುದಿಲ್ಲ. ಎರಡನೆಯದರಲ್ಲಿ ತಣ್ಣನೆ ಸ್ಟೆರೈಲ್ ಸಲೈನ್ (ಕ್ರಿಮಿರಹಿತ ಉಪ್ಪುನೀರು). ಮೂರನೆಯದು ಒಣಗಿರಲಿ. ಆಮೇಲೆ ಪುಡಿ ಐಸು, ಸುತ್ತಲೂ, ಅಡಿಗೂ.

ಬೇಕಾದದ್ದು 2ರಿಂದ 8 ಡಿಗ್ರಿ. ಹೆಚ್ಚು ತಣ್ಣಗಾದಷ್ಟೂ ಒಳ್ಳೆಯದು ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಸೊನ್ನೆಗಿಂತ ಕೆಳಗಿಳಿದರೆ ಜೀವಕೋಶದ ನೀರು ಹರಳುಗಟ್ಟಿ ಪೊರೆ ಹರಿಯುತ್ತದೆ, ಕಿಡ್ನಿ ಹೋಯಿತು ಅಂತಲೇ. ಡ್ರೈ ಐಸ್ (ಗಟ್ಟಿಯಾಗಿಸಿದ ಕಾರ್ಬನ್ ಡೈಆಕ್ಸೈಡ್) ಬೇಡವೇ ಬೇಡ. ಡೀಪ್ ಫ್ರೀಜರಿನಿಂದ ಆಗಷ್ಟೇ ತೆಗೆದ ಜೆಲ್ ಪ್ಯಾಕನ್ನೂ ಚೀಲಕ್ಕೆ ತಾಗಿಸಬೇಡಿ. ಕುಲ್ಫಿ ಗಾಡಿಯವರ ಹಾಗೆ ಐಸಿಗೆ ಉಪ್ಪು ಬೆರೆಸುವುದಂತೂ ಅಪಾಯ, ಅದು ಸೊನ್ನೆಗಿಂತ ಕೆಳಗಿಳಿಯುತ್ತದೆ. ಕರಗುತ್ತಿರುವ ಸಾದಾ ಐಸು ಸೊನ್ನೆಯಲ್ಲೇ ನಿಲ್ಲುತ್ತದೆ, ಅದೇ ಅದರ ಗುಣ.

ನಮ್ಮ ಮಳೆಗಾಲಕ್ಕೆ ಒಂದು ಮಾತು: ಕಿಡ್ನಿ ಎಡದ್ದೋ ಬಲದ್ದೋ, ದಾನಿಯ ರಕ್ತದ ಗುಂಪು, ಕ್ಲ್ಯಾಂಪ್ ಸಮಯ ಅಳಿಯದ ಶಾಯಿಯಲ್ಲಿ ಬರೆದು, ಚೀಟಿಗೆ ಪ್ಲಾಸ್ಟಿಕ್ ಹೊದಿಸಿ. ಕರೆಂಟು ನಂಬಬೇಡಿ, ಐಸು ಮೊದಲೇ ತೆಗೆದಿಡಿ.

ಚಾಲಕರೇ, ಪೆಟ್ಟಿಗೆಗೆ ಬೆಲ್ಟ್ ಹಾಕಿ. ದಾರಿಯಲ್ಲಿ ಮುಚ್ಚಳ ತೆಗೆದು ನೋಡಬೇಡಿ.