ಬಲೆ ಹೊಲಿಯುವಾಗ ಓದುವುದಕ್ಕೆ

ಮಾಂಟ್ರಿಯಲ್
6 ಜುಲೈ 2025

ತೀರ್ಥರೂಪ ಅಪ್ಪನಿಗೆ ಮಗಳ ನಮಸ್ಕಾರಗಳು.

ನಾನು ಇಲ್ಲಿ ಆರಾಮ. ಅವ್ವನ ಮಂಡಿನೋವು ಹೇಗಿದೆ, ಡಾಕ್ಟರ ಹತ್ತಿರ ಹೋದಿರೋ ಇಲ್ಲವೋ, ಅದನ್ನು ಮಾತ್ರ ತಮ್ಮನ ಕೈಲಿ ಬೇಗ ಮೆಸೇಜು ಮಾಡಿಸಿ. ಕಳೆದ ಭಾನುವಾರ ಫೋನಿನಲ್ಲಿ ನಿಮ್ಮ ಅರ್ಧ ಮಾತು ನನಗೆ ಬಂತು, ನನ್ನ ಅರ್ಧ ಮಾತು ನಿಮಗೆ ಬಂತು, ಉಳಿದದ್ದು ತದಡಿಯ ಮಳೆಗೆ ಹೋಯಿತು. ಅದಕ್ಕೇ ಈ ಕಾಗದ. ಬೋಟು ಹೇಗೂ ಮೇಲೆ ಎಳೆದಿಟ್ಟಿದ್ದೀರಿ. ಆಗಸ್ಟ್ 1ರವರೆಗೆ ಕಡಲಿಗೆ ಇಳಿಯುವಂತಿಲ್ಲ, ಬಲೆ ಹೊಲಿಯುವುದು ಬಿಟ್ಟರೆ ಬೇರೆ ಕೆಲಸ ಇಲ್ಲ. ಮಾವನಿಗೂ ಓದಿ ಹೇಳಿ.

ಬಾಕ್ಸಿಂಗ್‌ನ ಲೈಟ್ ಹೆವಿವೇಯ್ಟ್ ತೂಕದಲ್ಲಿ ಎಲ್ಲರಿಗಿಂತ ದೊಡ್ಡವ ಯಾರು ಅಂತ ನಿಮ್ಮಿಬ್ಬರ ಜಗಳದ ಸುದ್ದಿ ತಮ್ಮ ಹೇಳಿದ. ನೀವು "ಅಲಿ ಬಿಟ್ಟರೆ ಯಾರೂ ಇಲ್ಲ" ಅನ್ನುವುದಂತೆ, ಮಾವ "ಸೋಲದೇ ಇದ್ದವನೇ ದೊಡ್ಡವ" ಅನ್ನುವುದಂತೆ, ತಮ್ಮ ನಡುವೆ ರಾಯ್ ಜೋನ್ಸ್‌ನ ರೀಲ್ಸ್ ತೋರಿಸುವುದಂತೆ. ಬೆಂಕಿ ಹಚ್ಚಿದವಳು ನಾನೇ. ವೃದ್ಧಾಶ್ರಮದ ಅಜ್ಜನ ಕತೆ ಹೇಳಲು ಹೊರಟು ಲೈಟ್ ಹೆವಿವೇಯ್ಟ್ ಅಂದೆ, ನೀವು "ಎಂತದೇ, ಮುದುಕರನ್ನ ನೋಡ್ಕಳುಕೆ ಹೋದವಳಿಗೆ ಗುದ್ದಾಟದ ಹುಚ್ಚು ಯಾಕೆ?" ಅಂದಿರಿ, ಲೈನ್ ಕಟ್ಟಾಯಿತು.

ಮೊದಲು ಅಲಿ ವಿಷಯ ಮುಗಿಸುತ್ತೇನೆ. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಅಲಿ ಚಿನ್ನ ಗೆದ್ದದ್ದು ಇದೇ ತೂಕದಲ್ಲಿ, ಖರೆ. ಆದರೆ ದುಡ್ಡಿನ ಬಾಕ್ಸಿಂಗ್‌ಗೆ ಇಳಿದ ಮೇಲೆ ಆತ ಹೆವಿವೇಯ್ಟ್. ಹಾಗಾಗಿ ಈ ಪಂಕ್ತಿಯಲ್ಲಿ ಅಲಿಗೆ ಎಲೆ ಹಾಕುವುದಿಲ್ಲ. ಲೈಟ್ ಹೆವಿವೇಯ್ಟ್ ಅಂದರೆ 175 ಪೌಂಡ್ ಮೀರಬಾರದು. ನಮ್ಮ ಲೆಕ್ಕದಲ್ಲಿ 79 ಕಿಲೋ ಚಿಲ್ಲರೆ, ಒಂದೂವರೆ ಸಿಮೆಂಟ್ ಚೀಲಕ್ಕಿಂತ ನಾಲ್ಕು ಕಿಲೋ ಜಾಸ್ತಿ. 1903ರಲ್ಲಿ ಹುಟ್ಟಿದ ದರ್ಜೆ. ದುಡ್ಡು, ಹೆಸರು ಎಲ್ಲ ಮೇಲಿನ ಹೆವಿವೇಯ್ಟ್‌ನವರಿಗೆ. ಅದಕ್ಕೇ ಇಲ್ಲಿಯ ಒಳ್ಳೊಳ್ಳೆಯ ಆಳುಗಳು ಒಂದಲ್ಲ ಒಂದು ದಿನ ತಮಗಿಂತ ದೊಡ್ಡ ಗಾತ್ರದವರ ಎದುರು ಹೋಗಿ ನಿಂತಿದ್ದಾರೆ. ಬಿಲ್ಲಿ ಕಾನ್ 1941ರಲ್ಲಿ ಹೆವಿವೇಯ್ಟ್ ಚಾಂಪಿಯನ್ ಜೋ ಲೂಯಿ ಎದುರು 12 ರೌಂಡ್ ಮುಗಿಯುವಾಗ ಮುಂದಿದ್ದ. ಸುಮ್ಮನೆ ತಪ್ಪಿಸಿಕೊಂಡು ತಿರುಗಿದ್ದರೂ ಸಾಕಿತ್ತು. 13ರಲ್ಲಿ ತಾನೇ ಕೆಡವುತ್ತೇನೆಂದು ನುಗ್ಗಿ ಮಲಗಿದ. ಇಡೀ ರಾತ್ರಿ ಸಮುದ್ರ ದಾಟಿ ಬಂದ ದೋಣಿ ಅಳಿವೆಯಲ್ಲಿ ಮಗುಚಿದ ಹಾಗೆ.

ಮಾವ ಹೇಳುವ ಸೋಲದವನು ಬೆಟರ್‌ಬಿಯೆವ್ ಇರಬೇಕು. ಮೊದಲ ಇಪ್ಪತ್ತು ಪಂದ್ಯಕ್ಕೆ ಇಪ್ಪತ್ತೂ ನಾಕೌಟ್. ಈ ಊರಿನಲ್ಲೇ ಇರುವವ, ಆದರೆ ನಾನು ಹೋಗುವ ಬಸ್ಸಿನಲ್ಲಿ ಇನ್ನೂ ಸಿಕ್ಕಿಲ್ಲ! ಕಳೆದ ಅಕ್ಟೋಬರಿನಲ್ಲಿ ರಿಯಾದ್‌ನಲ್ಲಿ ಬಿವೋಲ್‌ನನ್ನು ಸೋಲಿಸಿ ಚಾಂಪಿಯನ್ನಿನ ನಾಲ್ಕೂ ಬೆಲ್ಟು ಕಟ್ಟಿಕೊಂಡ. ಈ ಫೆಬ್ರವರಿಯಲ್ಲಿ ಅದೇ ಬಿವೋಲ್ ಅಂಕದಲ್ಲಿ ಕೂದಲೆಳೆಯಷ್ಟು ಗೆದ್ದು ಅಷ್ಟನ್ನೂ ಬಿಚ್ಚಿಸಿಕೊಂಡ. ಹಾಗಾದರೆ ಫೆಬ್ರವರಿಯ ಒಂದು ರಾತ್ರಿಗೆ ಬೆಟರ್‌ಬಿಯೆವ್ ಸಣ್ಣವನಾದನೇ? ಮಾವನನ್ನು ಕೇಳಿ.

ಈ ಲೆಕ್ಕ ನನಗೆ ಹಿಡಿಸುವುದಿಲ್ಲ, ಯಾಕೆಂದು ನಿಮಗೆ ಬೇಗ ಗೊತ್ತಾಗುತ್ತದೆ. ದಡದಿಂದ ರಂಪಣಿ ಬಲೆ ಎಳೆದ ಕಾಲದ ಮೀನಿನ ಲೆಕ್ಕವನ್ನು ಯಂತ್ರದ ಪರ್ಸೀನ್ ಬೋಟಿನ ಲೆಕ್ಕದ ಪಕ್ಕ ಇಟ್ಟು ಯಾರು ಒಳ್ಳೆಯ ಮೀನುಗಾರ ಅಂತ ಹೇಳಿದರೆ ನೀವು ಒಪ್ಪುತ್ತೀರಾ? ಆರ್ಚಿ ಮೂರ್ ಅನ್ನುವ ಆ ಕಾಲದ ಚಾಂಪಿಯನ್ 200ಕ್ಕೂ ಹೆಚ್ಚು ಪಂದ್ಯ ಆಡಿದ, 130ಕ್ಕಿಂತ ಹೆಚ್ಚು ನಾಕೌಟ್. ಈಗಿನವರು ವರ್ಷಕ್ಕೆ ಒಂದು, ಬಹಳವಾದರೆ ಎರಡು. ಆಗ ಬೆಲ್ಟಿನ ಪಂದ್ಯ 15 ರೌಂಡ್; 1982ರಲ್ಲಿ ಕೊರಿಯಾದ ಹುಡುಗನೊಬ್ಬ ಪೆಟ್ಟು ತಿಂದು ಸತ್ತ ಮೇಲೆ 12ಕ್ಕೆ ಇಳಿಸಿದರು. ಆಗ ಪಂದ್ಯದ ದಿನವೇ ತೂಕ, ಈಗ ಹಿಂದಿನ ದಿನ. ಮೈಯ ನೀರು ಬಸಿದು ತಕ್ಕಡಿ ಹತ್ತುತ್ತಾರೆ, ಇಳಿದ ಮೇಲೆ ಕುಡಿದು ಮತ್ತೆ ದಪ್ಪ ಆಗುತ್ತಾರೆ. ನಮ್ಮ ಬಂದರಿನಲ್ಲಿ ತೂಕಕ್ಕೆ ಮೊದಲು ನೀರು ಹೊಡೆಯುತ್ತಾರೆ, ಇವರು ತೂಕ ಆದ ಮೇಲೆ. ಅಷ್ಟೇ ವ್ಯತ್ಯಾಸ.

ಈಗ ನಮ್ಮ ವೃದ್ಧಾಶ್ರಮದ ಅಜ್ಜ. ವಯಸ್ಸು 86. ಹಡಗುಕಟ್ಟೆಯಲ್ಲಿ ಮೂಟೆ ಹೊತ್ತವರು. ಅಂಗೈ ನಿಮ್ಮದರ ಹಾಗೇ, ಹಗ್ಗ ಎಳೆದು ಗಟ್ಟಿಯಾದದ್ದು. ನನ್ನ ಫ್ರೆಂಚ್ ಕೇಳಿ ನಗುತ್ತಾರೆ, ಆದರೆ ಬಿಪಿ ನೋಡಲು ನಾನೇ ಬರಬೇಕು. 1958ರ ಡಿಸೆಂಬರ್ 10ರ ರಾತ್ರಿ ಇಲ್ಲಿಯ ದೊಡ್ಡ ಕ್ರೀಡಾಂಗಣ ಫೋರಮ್‌ನಲ್ಲಿ ಎಲ್ಲಕ್ಕಿಂತ ಮೇಲಿನ ಅಗ್ಗದ ಟಿಕೆಟ್ಟಿನಲ್ಲಿ ಕೂತಿದ್ದರಂತೆ. ಮೂರ್ ಎದುರು ಅವತ್ತು ನಿಂತವ ಈವಾನ್ ಡುರೆಲ್, ಬೇ ಸೇಂಟ್ ಆ್ಯನ್ ಅನ್ನುವ ಊರಿನ ಮೀನುಗಾರ. ಹೌದು ಅಪ್ಪ, ದೋಣಿ ಹತ್ತಿ ಬಲೆ ಹಾಕುವ ಮೀನುಗಾರ! ಮೊದಲ ರೌಂಡಿನಲ್ಲೇ ಮೂರ್‌ನನ್ನು ಮೂರು ಸಲ ಕೆಡವಿದ, ಐದರಲ್ಲಿ ಮತ್ತೊಮ್ಮೆ. ಮೂರ್‌ಗೆ ಆಗ 41ಓ 44ಓ. ಅವನು 1916ರಲ್ಲಿ ಹುಟ್ಟಿದೆ ಅನ್ನುತ್ತಿದ್ದ, ಅವನ ತಾಯಿ 1913 ಅನ್ನುತ್ತಿದ್ದಳು. ನಿಮ್ಮ ಹುಟ್ಟಿದ ದಿನ ಮಾಸ್ತರರು ಜೂನ್ 1 ಅಂತ ಬರೆದ ಹಾಗೆ. ಆ ವಯಸ್ಸಿನಲ್ಲಿ ನಾಲ್ಕು ಸಲ ಎದ್ದು, 11ನೇ ರೌಂಡಿನಲ್ಲಿ ಡುರೆಲ್‌ನನ್ನು ಮಲಗಿಸಿದ. ಮೂರ್ ಬಿದ್ದಾಗ ಎಣಿಸುವವನು ನಿಧಾನ ಎಣಿಸಿದ ಅಂತ ಅಜ್ಜನಿಗೆ ಇವತ್ತಿಗೂ ಸಿಟ್ಟು. ಒಂದು, ಎರಡು, ಮೂರು ಅಂತ ಫ್ರೆಂಚಿನಲ್ಲಿ ಮಂಚದ ಕಟ್ಟಿಗೆ ಬೆರಳು ಬಡಿದು ತೋರಿಸುತ್ತಾರೆ. ಬಿಪಿ ಏರುತ್ತದೆ. ನಾನು ಹತ್ತು ನಿಮಿಷ ಬಿಟ್ಟು ಮತ್ತೆ ನೋಡುತ್ತೇನೆ.

ಕಳೆದ ವಾರ ರಜೆಯ ದಿನ ಮೆಟ್ರೋ ಹತ್ತಿ ಆ ಫೋರಮ್ ನೋಡಿ ಬಂದೆ. ಈಗ ಒಳಗೆ ಸಿನೆಮಾ ಟಾಕೀಸು. ಪಾಪ್‌ಕಾರ್ನ್ ವಾಸನೆ. ಅಜ್ಜನಿಗೆ ಫೋಟೋ ತೋರಿಸಿದರೆ ತಲೆ ಆ ಕಡೆ ತಿರುಗಿಸಿದರು.

ನನ್ನ ತೀರ್ಪು ಕೇಳಿದರೆ ಮೂರ್ ಅಲ್ಲ, ಮೂರ್‌ನನ್ನು ಮೂರು ಸಲ ಸೋಲಿಸಿದ ಎಜ್ಜಾರ್ಡ್ ಚಾರ್ಲ್ಸ್. 1946, 1947, 1948, ವರ್ಷಕ್ಕೊಂದು. ಕೊನೆಯದು ನಾಕೌಟ್. ವಿಚಿತ್ರ ಎಂದರೆ ಈ ತೂಕದ ಬೆಲ್ಟು ಅವನ ಸೊಂಟಕ್ಕೆ ಬರಲೇ ಇಲ್ಲ, ಪಂದ್ಯದ ಅವಕಾಶವನ್ನೇ ಕೊಡಲಿಲ್ಲ. ಮೇಲೆ ಹೋಗಿ ಹೆವಿವೇಯ್ಟ್ ಚಾಂಪಿಯನ್ ಆದ, 1950ರಲ್ಲಿ ಜೋ ಲೂಯಿಯನ್ನೇ ಸೋಲಿಸಿದ. ಆದರೆ 1948ರಲ್ಲಿ ಅವನ ಪೆಟ್ಟಿಗೆ ಸ್ಯಾಮ್ ಬರೂಡಿ ಅನ್ನುವ ಹುಡುಗ ಸತ್ತುಹೋದ. ಆಮೇಲೆ ಚಾರ್ಲ್ಸ್ ಮೊದಲಿನ ಹಾಗೆ ನುಗ್ಗಿ ಹೊಡೆಯುತ್ತಿರಲಿಲ್ಲ ಅನ್ನುತ್ತಾರೆ. ಕೊನೆಗೆ ನರದ ರೋಗ ಬಂದು ಕೈಕಾಲು ಸೋತು 53ಕ್ಕೆ ತೀರಿಕೊಂಡ. ಆ ರೋಗದವರೊಬ್ಬರು ನಮ್ಮ ವಾರ್ಡಿನಲ್ಲೂ ಇದ್ದರು. ಚಮಚ ಎತ್ತಲಾಗುವುದಿಲ್ಲ, ಬುದ್ಧಿ ಮಾತ್ರ ಚುರುಕು. ಜೋ ಲೂಯಿಯನ್ನು ಹೊಡೆದ ಕೈ ಹಾಗಾಯಿತು ಅಂತ ಓದಿದ ದಿನ ನನಗೆ ಊಟ ಸೇರಲಿಲ್ಲ.

ತಮ್ಮನ ರಾಯ್ ಜೋನ್ಸ್ ಕಣ್ಣಿಗೆ ಹಬ್ಬ, ಇಲ್ಲ ಅನ್ನುವುದಿಲ್ಲ. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತು, ತಟ್ಟನೆ ಒಂದು ಕೈ ಬೀಸಿ ಕೆಡವುತ್ತಾನೆ. ಆದರೆ ಎದುರಿಗೆ ಬಂದವರಲ್ಲಿ ಎಷ್ಟು ಜನ ಮೂರ್, ಎಷ್ಟು ಜನ ಚಾರ್ಲ್ಸ್? 2004ರಲ್ಲಿ ಟಾರ್ವರ್‌ನ ಎಡಗೈ ಒಂದೇ ಒಂದು ಸಿಕ್ಕಿತು, ಎರಡನೇ ರೌಂಡಿಗೇ ಮುಗಿಯಿತು. ಬಾಬ್ ಫಾಸ್ಟರ್ ಬಗ್ಗೆ ಒಂದೇ ಮಾತು: ಬೆಲ್ಟನ್ನು 14 ಸಲ ಉಳಿಸಿಕೊಂಡ ಪೊಲೀಸು, ಮೇಲೆ ಹೋದಾಗ ಫ್ರೇಜಿಯರ್, ಅಲಿ ಇಬ್ಬರ ಕೈಲೂ ಸೋತ. ಮೇಲೆ ಹೋಗಿ ಹೆವಿವೇಯ್ಟ್ ಬೆಲ್ಟನ್ನೇ ಗೆದ್ದ ಮೊದಲ ಲೈಟ್ ಹೆವಿ ಚಾಂಪಿಯನ್ ಮೈಕಲ್ ಸ್ಪಿಂಕ್ಸ್, 1985ರಲ್ಲಿ. ಬರ್ನಾರ್ಡ್ ಹಾಪ್ಕಿನ್ಸ್ 46ರ ವಯಸ್ಸಿನಲ್ಲಿ ಇದೇ ಮಾಂಟ್ರಿಯಲ್‌ಗೆ ಬಂದು ಇಲ್ಲಿಯ ಹುಡುಗನ ಬೆಲ್ಟು ಬಿಚ್ಚಿಕೊಂಡು ಹೋದ. ಯಕ್ಷಗಾನದ ಚಿಟ್ಟಾಣಿ ಎಪ್ಪತ್ತು ದಾಟಿ ಕುಣಿದದ್ದನ್ನು ನೋಡಿದ ನಿಮಗೆ ಅದರಲ್ಲೇನು ಹೆಚ್ಚುಗಾರಿಕೆ ಕಾಣುವುದಿಲ್ಲ, ಬಿಡಿ.

ಡುರೆಲ್ ಕತೆ ಅಲ್ಲಿಗೆ ಮುಗಿಯಲಿಲ್ಲ, ಅಪ್ಪ. ಮರುವರ್ಷ ಜೂನ್ 20ಕ್ಕೆ ಅವನ ಊರಿನ ಕಡಲಲ್ಲಿ ಒಮ್ಮೆಲೇ ಗಾಳಿ ಎದ್ದು 35 ಮೀನುಗಾರರು ಸತ್ತರು, ಹೆಚ್ಚಿನವರು ಅವನ ಊರು, ಅಕ್ಕಪಕ್ಕದವರು. ಅದಾಗಿ ಎರಡು ತಿಂಗಳು ತುಂಬುವ ಮೊದಲೇ, ಆಗಸ್ಟ್ 12ಕ್ಕೆ, ಮೂರ್ ಜೊತೆ ಮತ್ತೆ ಪಂದ್ಯ. ಮೂರನೇ ರೌಂಡಿನಲ್ಲಿ ಸೋತ. ಪುಸ್ತಕದಲ್ಲಿ ಅದು ಒಂದು ಸಾಲು: ಮೂರು ರೌಂಡು, ನಾಕೌಟ್. ಮಾವ ಲೆಕ್ಕ ಹಾಕುವಾಗ ಆ ಸಾಲನ್ನು ಎಲ್ಲಿ ಹಿಡಿಸುತ್ತಾರೆ? ಅಜ್ಜ ಆ ಪಂದ್ಯಕ್ಕೆ ಹೋಗಲಿಲ್ಲ. ಅವರೂ ಅದೇ ಕಡಲಿನ ಕಡೆಯವರು, ಊರಿಗೆ ಹೋಗಿದ್ದರಂತೆ. ಯಾಕೆ ಅಂತ ನಾನು ಕೇಳಲಿಲ್ಲ.

ನಮ್ಮಪ್ಪನಿಗೂ ಬೋಟಿದೆ ಅಂದಾಗಿನಿಂದ ಅಜ್ಜನದು ಒಂದೇ ಪ್ರಶ್ನೆ. ನಿಮ್ಮಲ್ಲಿ ಒಂದೇ ಬೋಟು ಹೋಗುತ್ತದೋ, ಕಣ್ಣಿಗೆ ಕಾಣುವ ದೂರದಲ್ಲಿ ಇನ್ನೊಂದು ಇರುತ್ತದೋ? ಗಾಳಿ ತಿರುಗಿದ್ದು ಮೊದಲು ಯಾವುದರಲ್ಲಿ ಗೊತ್ತಾಗುತ್ತದೆ, ನೀರಿನ ಬಣ್ಣದಲ್ಲೋ, ಹಕ್ಕಿಯಲ್ಲೋ? ನನಗೆ ಹೇಳಲು ಬರಲಿಲ್ಲ. ತಮ್ಮನ ಕೈಲಿ ಬರೆಸಿ ಕಳಿಸಿ, ಫ್ರೆಂಚ್ ಮಾಡಿ ಓದಿ ಹೇಳುತ್ತೇನೆ. ಆಗಸ್ಟ್ 1ರ ಮೊದಲು ಬಂದರೆ ಒಳ್ಳೆಯದು, ಅಜ್ಜನಿಗೆ ಆ ತಾರೀಖು ಬಾಯಿಪಾಠ ಆಗಿದೆ.

ಅವ್ವನಿಗೆ ಹೇಳಿ, ಹೋದ ಸಲದ ಒಣ ಶೆಟ್ಲಿ ಮುಗಿಯಿತು.

ನಿಮ್ಮ ಮಗಳು