ಜನಗಣತಿ ಫಾರ್ವರ್ಡ್‌ಗಳ ಬಗ್ಗೆ

ಎಲ್ಲರಿಗೂ ನಮಸ್ಕಾರ. ಧರ್ಮದ ಲೆಕ್ಕ, ಭಾಷೆಯ ಲೆಕ್ಕ ಅಂತ ದಿನಕ್ಕೊಂದು ಫಾರ್ವರ್ಡ್ ಇಲ್ಲಿ ಬಂದು ಬೀಳುತ್ತಿದೆ. ಇಸವಿ ಇಲ್ಲದ ಅಂಕಿಯನ್ನು ದಯವಿಟ್ಟು ಹಾಕಬೇಡಿ. 2021ರ ಗಣತಿ ನಡೆಯಲೇ ಇಲ್ಲ, ಮುಂದಿನದಕ್ಕೆ ಗೊತ್ತು ಮಾಡಿರುವುದು 2027, ಹಾಗಾಗಿ ಸದ್ಯ ಎಲ್ಲರೂ ಎತ್ತಿ ಹೇಳುವುದು 2011ರದ್ದನ್ನೇ.

ಆಗ ದೇಶದಲ್ಲಿ 121 ಕೋಟಿ ಜನ. ಹಿಂದೂಗಳು ಶೇ 79.8, ಮುಸ್ಲಿಮರು ಶೇ 14.2, ಕ್ರೈಸ್ತರು ಶೇ 2.3. ಇದು ಎಲ್ಲರಿಗೂ ಗೊತ್ತು. ಮಜಾ ಇರುವುದು ಭಾಷೆಯ ಪಟ್ಟಿಯಲ್ಲಿ. ಹಿಂದಿಯವರು ಸುಮಾರು 52.8 ಕೋಟಿ ಅಂತಿದೆಯಲ್ಲ, ಅದರೊಳಗೆ 5 ಕೋಟಿ ಭೋಜಪುರಿಯವರು, ರಾಜಸ್ಥಾನಿಯವರು, ಇನ್ನೂ ಯಾರ್ಯಾರೋ ಸೇರಿದ್ದಾರೆ, ಹಿಂದಿ ಅಂತಲೇ ಬರೆಸಿದವರು 32 ಕೋಟಿ ಅಷ್ಟೇ. ನಾವೂ ಕಮ್ಮಿ ಇಲ್ಲ ಬಿಡಿ! ಕನ್ನಡದ 4.37 ಕೋಟಿಯೊಳಗೆ ನೀಲಗಿರಿಯ ಬಡಗ ಮಾತಾಡುವ 1.3 ಲಕ್ಷ ಜನರೂ ಇದ್ದಾರೆ. ತುಳು 18 ಲಕ್ಷ, ಕೊಡವ 1.13 ಲಕ್ಷ, ಇವು ಬೇರೆಯಾಗಿ ಸಿಗುತ್ತವೆ. 10 ಸಾವಿರಕ್ಕಿಂತ ಕಡಿಮೆ ಜನ ಹೇಳಿದ ಭಾಷೆಗೆ ಪಟ್ಟಿಯಲ್ಲಿ ಹೆಸರೇ ಇಲ್ಲ, ಸುಮ್ನೆ 'ಇತರೆ'.

ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಮಾತೃಭಾಷೆಯನ್ನು ಮನೆಗೆಲ್ಲ ಸೇರಿಸಿ ಒಂದೇ ಅಂತ ಬರೆಯುವುದಿಲ್ಲ, ಒಬ್ಬೊಬ್ಬರದ್ದೂ ಬೇರೆ. ಅತ್ತೆಯದು ತೆಲುಗು, ಸೊಸೆಯದು ಕೊಂಕಣಿ ಆದರೆ ಹಾಗೇ ಬರೆಸಿ. 2011ರಲ್ಲಿ ಮಾತೃಭಾಷೆ ಬಿಟ್ಟು ಗೊತ್ತಿರುವ ಇನ್ನೆರಡು ಭಾಷೆಗಳನ್ನೂ ಕೇಳಿದ್ದರು, ಕನ್ನಡ ಬರುತ್ತದೆ ಅಂತ ಹೇಳಲು ಅಲ್ಲಿ ಜಾಗ ಇತ್ತು. ಮನೆಯ ಹಿರಿಯರಿಗೂ ಇದನ್ನು ಈಗಲೇ ತಿಳಿಸಿಡಿ.